ಕ್ಯಾಲ್ವಿನ್ ಬ್ರಿಜಸ್

ಕ್ಯಾಲ್ವಿನ್ ಬ್ಲ್ಯಾಕ್‌ಮನ್ ಬ್ರಿಜಸ್ (11 ಜನವರಿ 1889 – 27 ಡಿಸೆಂಬರ್ 1938) ಅಮೆರಿಕದ ತಳಿವಿಜ್ಞಾನಿ. ಜೀನುಗಳು ವರ್ಣತಂತುಗಳಲ್ಲಿ ನೆಲೆಸಿವೆ ಎಂಬ ಸಿದ್ಧಾಂತಕ್ಕೆ ಹಣ್ಣಿನ ನೊಣದ ಮೂಲಕ ಪುರಾವೆ ಒದಗಿಸಿದವರು. ಒಂದು ವರ್ಣತಂತುವಿನ ತುಂಡು ಕಳಚಿ ಬೇರೊಂದಕ್ಕೆ ಅಂಟಿಕೊಳ್ಳುವ ‘ಸ್ಥಾನಾಂತರಣ’ವನ್ನು ಆ ನೊಣದಲ್ಲಿ ಮೊದಲು ಗುರುತಿಸಿದವರೂ ಅವರೇ. ಅವರು ಅಭ್ಯಸಿಸಿದ ಡ್ರಾಸೊಫಿಲಾ ಅಪರೂಪದ ಜೀವಿಯೇನಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಕಳಿತ ಬಾಳೆಹಣ್ಣಿಗೆ ಮುತ್ತುವ ಎರಡು-ಮೂರು ಮಿಲಿಮೀಟರಿನ ನೊಣಗಳು ಇದೇ ಕುಲಕ್ಕೆ ಸೇರಿದವು.

ಬಾಲ್ಯ ಮತ್ತು ಶಿಕ್ಷಣ

ಬ್ರಿಜಸ್ ಜನಿಸಿದ್ದು ನ್ಯೂಯಾರ್ಕ್ ರಾಜ್ಯದ ಸ್ಕೈಲರ್ ಫಾಲ್ಸ್ ಎಂಬ ಊರಿನಲ್ಲಿ. ಎರಡು ವರ್ಷದವರಿದ್ದಾಗ ತಾಯಿ, ಮರುವರ್ಷ ತಂದೆ ತೀರಿಕೊಂಡರು. ಸಾಕಿದವರು ಅಜ್ಜಿ. ಕ್ರಮಬದ್ಧ ಶಾಲಾ ವ್ಯಾಸಂಗ ತಡವಾಗಿ ದೊರೆತುದರಿಂದ ಪ್ರೌಢಶಾಲೆ ಮುಗಿಯುವ ವೇಳೆಗೆ ಅವರಿಗೆ ಇಪ್ಪತ್ತು ವರ್ಷ. 1909ರಲ್ಲಿ ವಿದ್ಯಾರ್ಥಿವೇತನದೊಡನೆ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು.

ನೊಣಗಳ ಕೋಣೆ

ಹೊಟ್ಟೆಪಾಡಿಗಾಗಿ ಬ್ರಿಜಸ್ ಪ್ರಾಧ್ಯಾಪಕ ಥಾಮಸ್ ಹಂಟ್ ಮಾರ್ಗನ್ನರ ಪ್ರಯೋಗಾಲಯದಲ್ಲಿ ನೊಣಗಳನ್ನು ಸಾಕುವ ಹಾಲಿನ ಬಾಟಲಿಗಳನ್ನು ತೊಳೆಯುವ ಕೆಲಸ ಹಿಡಿದರು. ತೊಳೆಯಲೆಂದು ಎತ್ತಿಕೊಂಡ ಬಾಟಲಿಯೊಂದರ ದಪ್ಪ ಗಾಜಿನಾಚೆ, ಉಳಿದವುಗಳಿಗಿಂತ ಹೊಳಪಾದ ಕೆಂಪು ಕಣ್ಣಿನ ನೊಣವೊಂದು ಬರಿಗಣ್ಣಿಗೇ ಅವರಿಗೆ ಗೋಚರಿಸಿತು. ಅದು ಹೊಸದೊಂದು ಉತ್ಪರಿವರ್ತನೆ. ಮಾರ್ಗನ್ ಅವರನ್ನು ಸಂಶೋಧನೆಗೆ ಸೇರಿಸಿಕೊಂಡರು. ಎಂಟು ಮೇಜುಗಳನ್ನು ಇಕ್ಕಟ್ಟಾಗಿ ಜೋಡಿಸಿದ್ದ ಆ ಪುಟ್ಟ ಕೋಣೆ ‘ನೊಣಗಳ ಕೋಣೆ’ ಎಂದೇ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಕೈಮಸೂರದ ಬದಲು ದ್ವಿನೇತ್ರ ಸೂಕ್ಷ್ಮದರ್ಶಕವನ್ನು ಅಲ್ಲಿ ಬಳಕೆಗೆ ತಂದವರು ಬ್ರಿಜಸ್.

ವರ್ಣತಂತು ಸಿದ್ಧಾಂತದ ಪುರಾವೆ

ಬಿಳಿಗಣ್ಣಿನ ಹೆಣ್ಣುನೊಣವನ್ನು ಕೆಂಗಣ್ಣಿನ ಗಂಡಿನೊಡನೆ ಕೂಡಿಸಿದರೆ ಹುಟ್ಟುವ ಹೆಣ್ಣುಗಳು ಕೆಂಗಣ್ಣಿನವೂ ಗಂಡುಗಳು ಬಿಳಿಗಣ್ಣಿನವೂ ಆಗಬೇಕು. ಗಂಡಿಗೆ ಎಕ್ಸ್ ವರ್ಣತಂತು ಬರುವುದು ತಾಯಿಯಿಂದ ಮಾತ್ರ. ಆದರೆ ಸಾವಿರಾರು ನೊಣಗಳಲ್ಲಿ ಎಲ್ಲೋ ಒಂದೆರಡು ಇದಕ್ಕೆ ವಿರುದ್ಧವಾಗಿ ಹುಟ್ಟುತ್ತಿದ್ದವು. ಇವನ್ನು ಬಾಟಲಿ ಬೆರಕೆಯೆಂದು ಬದಿಗೆ ತಳ್ಳುವುದು ಸುಲಭವಿತ್ತು. ಬ್ರಿಜಸ್ ಹಾಗೆ ಮಾಡಲಿಲ್ಲ. ಅಂಡ ರೂಪುಗೊಳ್ಳುವಾಗ ತಾಯಿಯ ಎರಡು ಎಕ್ಸ್ ವರ್ಣತಂತುಗಳು ಬೇರ್ಪಡದೆ ಒಟ್ಟಿಗೆ ಉಳಿದಿರಬೇಕು, ಹಾಗಿದ್ದಲ್ಲಿ ಈ ಬಿಳಿಗಣ್ಣಿನ ಹೆಣ್ಣುಗಳಲ್ಲಿ ಎರಡು ಎಕ್ಸ್ ಜೊತೆಗೆ ಒಂದು ವೈ ಇರಲೇಬೇಕು ಎಂದು ಅವರು ತರ್ಕಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಾಗೆಯೇ ಇತ್ತು. 1916ರಲ್ಲಿ ಆರಂಭವಾದ ‘ಜೆನೆಟಿಕ್ಸ್’ ಪತ್ರಿಕೆಯ ಮೊಟ್ಟಮೊದಲ ಲೇಖನ ಇದೇ. ಅದೇ ವರ್ಷ ಅವರಿಗೆ ಡಾಕ್ಟರೇಟ್ ದೊರೆಯಿತು.

ಸ್ಥಾನಾಂತರಣ

ಕಣ್ಣಿನ ಬಣ್ಣವನ್ನು ತಿಳಿಗೊಳಿಸುವ ‘ಪೇಲ್’ ಎಂಬ ಲಕ್ಷಣ ಬ್ರಿಜಸರನ್ನು ಇನ್ನೊಂದು ಒಗಟಿಗೆ ಎದುರಾಗಿಸಿತು. ಎರಡನೆಯ ವರ್ಣತಂತುವಿನ ತುದಿಯಲ್ಲಿರಬೇಕಾದ ಜೀನುಗಳು ಮೂರನೆಯದರ ಜೊತೆಯಲ್ಲಿ ಮರಿಗಳಿಗೆ ಸಾಗುತ್ತಿದ್ದವು. ತುದಿಯ ತುಂಡು ಮುರಿದು ಮೂರನೆಯದಕ್ಕೆ ಅಂಟಿದೆಯೆಂದು ಅವರು 1923ರಲ್ಲಿ ವರದಿ ಮಾಡಿದರು. ಇದು ಕಣ್ಣಿಂದ ಕಂಡದ್ದಲ್ಲ, ಸಂತತಿಯ ಎಣಿಕೆಯಿಂದ ಊಹಿಸಿದ್ದು. 1929ರಲ್ಲಿ ಮುಲ್ಲರ್ ಮತ್ತು ಪೇಂಟರ್ ಜೋಡಿಯೂ, ಪ್ರತ್ಯೇಕವಾಗಿ ಡಾಬ್‌ಜಾನ್ಸ್ಕಿಯವರೂ ಕ್ಷಕಿರಣಗಳಿಂದ ಇಂಥ ಸ್ಥಾನಾಂತರಣಗಳನ್ನು ಉಂಟುಮಾಡಿ, ಸೂಕ್ಷ್ಮದರ್ಶಕದಲ್ಲೂ ತೋರಿಸಿಕೊಟ್ಟರು. ಮನುಷ್ಯರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿಗೆ 9 ಮತ್ತು 22ನೆಯ ವರ್ಣತಂತುಗಳ ನಡುವಿನ ತುಂಡುಗಳ ವಿನಿಮಯವೇ ಕಾರಣವೆಂದು ತಿಳಿದದ್ದು ಎಷ್ಟೋ ಕಾಲದ ನಂತರ, 1973ರಲ್ಲಿ.

ನಕ್ಷೆಗಳು ಮತ್ತು ಕೊನೆಯ ವರ್ಷಗಳು

1928ರಲ್ಲಿ ಮಾರ್ಗನ್ನರ ತಂಡದೊಡನೆ ಬ್ರಿಜಸ್ ಕ್ಯಾಲಿಫೋರ್ನಿಯಾಕ್ಕೆ ತೆರಳಿದರು. ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿರುವ ದೈತ್ಯ ವರ್ಣತಂತುಗಳ ಪಟ್ಟಿಗಳನ್ನು ಒಂದೊಂದಾಗಿ ಗುರುತಿಸಿ, ಒಟ್ಟು 102 ವಿಭಾಗಗಳ ನಕ್ಷೆಯನ್ನು 1935ರಲ್ಲಿ ಪ್ರಕಟಿಸಿದರು. ಆ ಸಂಖ್ಯಾಕ್ರಮ ಇಂದಿಗೂ ಬಳಕೆಯಲ್ಲಿದೆ. ಮುರಿದ ತುಂಡು ಎಲ್ಲಿಂದ ಬಂದು ಎಲ್ಲಿ ಸೇರಿದೆ ಎಂಬುದನ್ನು ಇದರಿಂದ ಕರಾರುವಾಕ್ಕಾಗಿ ಹೇಳಬಹುದಾಯಿತು.

ಇಷ್ಟಾದರೂ ಬ್ರಿಜಸ್ ಪ್ರಾಧ್ಯಾಪಕರಾಗಲಿಲ್ಲ. ಕಾರ್ನೆಗೀ ಸಂಸ್ಥೆಯ ನೆರವಿನಿಂದ ಸಂಶೋಧಕರಾಗಿಯೇ ಉಳಿದರು. 1933ರ ನೊಬೆಲ್ ಪ್ರಶಸ್ತಿ ಮಾರ್ಗನ್ ಒಬ್ಬರಿಗೇ ಸಂದಿತು. ಮಾರ್ಗನ್ನರು ಪ್ರಶಸ್ತಿಯ ಹಣದಲ್ಲಿ ಬ್ರಿಜಸ್ ಮತ್ತು ಸ್ಟರ್ಟಿವೆಂಟರ ಮಕ್ಕಳಿಗೂ ಪಾಲು ಕೊಟ್ಟರೆಂಬುದು ಗಮನಾರ್ಹ. 1936ರಲ್ಲಿ ಬ್ರಿಜಸ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಹೃದ್ರೋಗದಿಂದ ಲಾಸ್ ಏಂಜಲೀಸಿನಲ್ಲಿ ನಿಧನರಾದಾಗ ಅವರಿಗೆ 49 ವರ್ಷ. ಪರಿಷ್ಕೃತ ನಕ್ಷೆಗಳ ಕೆಲಸವನ್ನು ಮಗ ಫಿಲಿಪ್ ಮುಂದುವರಿಸಿದರು.

ಕರ್ನಾಟಕದಲ್ಲಿ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲಾ ಸಂಗ್ರಹ ಕೇಂದ್ರವಿದೆ. ಬ್ರಿಜಸರ ಕಾಲದ ಜೋಳದ ಹಿಟ್ಟು, ಕಾಕಂಬಿಗಳ ಬದಲು ಇಲ್ಲಿ ನೊಣಗಳಿಗೆ ರವೆ, ಬೆಲ್ಲ ಬೆರೆಸಿದ ಆಹಾರ. ಎಂಟು ವರ್ಣತಂತುಗಳ ನಾಸುಟಾ ಮತ್ತು, ವರ್ಣತಂತುಗಳು ಬೆಸೆದುಕೊಂಡುದರಿಂದ ಆರೇ ಉಳಿದಿರುವ ಆಲ್ಬೊಮಿಕಾನ್ಸ್ ಎಂಬ ನೊಣಗಳನ್ನು ಕೂಡಿಸಿ, ಎಚ್. ಎ. ರಂಗನಾಥ್ ಮತ್ತು ಸಂಗಡಿಗರು ಹೊಸ ವರ್ಣತಂತು ವಿನ್ಯಾಸಗಳುಳ್ಳ ತಳಿಗಳನ್ನು ಇಲ್ಲಿ ಪಡೆದರು. ಇವಕ್ಕೆ ‘ಸೈಟೊರೇಸ್’ಗಳೆಂದು ಹೆಸರು.