ವಿಲಿಯಂ ಹಿಲರಿ

ಸರ್ ವಿಲಿಯಂ ಹಿಲರಿ (1771–1847) ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಯ ಸ್ಥಾಪಕರು. ನೆಪೋಲಿಯನ್ನನ ದಾಳಿಯ ಭೀತಿಯಿದ್ದ ಕಾಲದಲ್ಲಿ ಎಸೆಕ್ಸ್ ಪ್ರಾಂತ್ಯದ ರಕ್ಷಣೆಗಾಗಿ ಸ್ವಂತ ಹಣದಿಂದ ಪಡೆಯೊಂದನ್ನು ಕಟ್ಟಿದರು. ಇದಕ್ಕಾಗಿ 1805ರಲ್ಲಿ ಬ್ಯಾರೊನೆಟ್ ಪದವಿ ದೊರೆಯಿತಾದರೂ ಅವರ ಸಂಪತ್ತು ಕರಗಿಹೋಯಿತು.

1808ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿ ದಡದ ಸಮೀಪದಲ್ಲೇ ಹಡಗುಗಳು ಒಡೆದು ನಾವಿಕರು ಸಾಯುವುದನ್ನು ಕಂಡು, ರಾಷ್ಟ್ರವ್ಯಾಪಿ ರಕ್ಷಣಾ ಸಂಸ್ಥೆಯೊಂದು ಅಗತ್ಯವೆಂದು 1823ರಲ್ಲಿ ಕಿರುಹೊತ್ತಗೆಯ ಮೂಲಕ ಮನವಿ ಮಾಡಿದರು. ಅದರ ಫಲವಾಗಿ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಸಂಸ್ಥೆಯು ಸ್ಥಾಪನೆಗೊಂಡಿತು.

1830ರ ನವೆಂಬರ್‌ನಲ್ಲಿ ಸೇಂಟ್ ಜಾರ್ಜ್ ಹಡಗು ಡಗ್ಲಸ್ ಕೊಲ್ಲಿಯ ಬಂಡೆಗೆ ಬಡಿದಾಗ, 59 ವರ್ಷದ ಹಿಲರಿ ತಾವೇ ದೋಣಿಯೇರಿದರು. ಅಲೆಯ ಹೊಡೆತಕ್ಕೆ ಸಮುದ್ರಕ್ಕೆ ಬಿದ್ದು ಅವರ ಪಕ್ಕೆಲುಬುಗಳು ಮುರಿದವು. ಆದರೆ ಹಡಗಿನ 22 ಮಂದಿಯೂ ಬದುಕುಳಿದರು. ಮುಂದೆ ಅದೇ ಬಂಡೆಯ ಮೇಲೆ ಅವರ ಪ್ರಯತ್ನದಿಂದ ಆಶ್ರಯ ಗೋಪುರವು ನಿರ್ಮಾಣವಾಯಿತು.

ಹಿಲರಿ ಬಡತನದಲ್ಲಿ ಡಗ್ಲಸ್‌ನಲ್ಲಿಯೇ ನಿಧನರಾದರು. 1854ರಲ್ಲಿ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಹೆಸರು ಪಡೆದ ಅವರ ಸಂಸ್ಥೆಯು ಇಂದಿಗೂ ಕಾರ್ಯನಿರತವಾಗಿದೆ.