ಶಾಖದೊಡನೆ ಸೆಣಸಿದ ಸೂಪರ್ ಕಂಪ್ಯೂಟರ್ ಶಿಲ್ಪಿ ಸೀಮೋರ್ ಕ್ರೇ

ಸೂಪರ್ ಕಂಪ್ಯೂಟರ್ ಎಂದೊಡನೆ ನೆನಪಾಗುವ ಮೊದಲ ಹೆಸರು ಅಮೆರಿಕದ ಸೀಮೋರ್ ಕ್ರೇ ಅವರದು. ಸುಮಾರು ಮೂರು ದಶಕಗಳ ಕಾಲ ಜಗತ್ತಿನ ಅತಿ ವೇಗದ ಗಣಕಯಂತ್ರಗಳೆಂದರೆ ಬಹುಪಾಲು ಅವರು ರೂಪಿಸಿದವೇ ಆಗಿದ್ದವು. ಆದರೆ ಅವರ ಬದುಕಿನುದ್ದಕ್ಕೂ ಎದುರಾಳಿಯಾಗಿ ನಿಂತದ್ದು ಬೇರೊಂದು ಕಂಪೆನಿಯಲ್ಲ. ವಿದ್ಯುತ್ತು ಹರಿದಾಗ ಚಿಪ್‌ಗಳಲ್ಲಿ ಹುಟ್ಟುವ ಶಾಖ. ಆ ಶಾಖವನ್ನು ಹೊರಹಾಕುವ ಕಲೆಯಲ್ಲಿ ಅವರು ಗೆದ್ದರು. ಶಾಖವೇ ಹುಟ್ಟದಂತೆ ನೋಡಿಕೊಂಡ ಅಗ್ಗದ ಚಿಪ್‌ಗಳ ಮುಂದೆ ಕೊನೆಗೆ ಸೋತರು.

ಕ್ರೇ ಹುಟ್ಟಿದ್ದು 1925ರ ಸೆಪ್ಟೆಂಬರ್ 28ರಂದು, ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಪುಟ್ಟ ಪಟ್ಟಣದಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಎರಡನೇ ಮಹಾಯುದ್ಧದ ಸಮಯದಲ್ಲಿ ಸೇನೆಯ ರೇಡಿಯೋ ವಿಭಾಗದಲ್ಲಿ ದುಡಿದ ಕ್ರೇ, ಫಿಲಿಪ್ಪೀನ್ಸ್‌ನಲ್ಲಿ ಜಪಾನಿ ಸಂಕೇತಗಳನ್ನು ಭೇದಿಸುವ ಕಾರ್ಯದಲ್ಲೂ ಪಾಲ್ಗೊಂಡರು. ಯುದ್ಧಾನಂತರ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು, 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. 1957ರಲ್ಲಿ ಸ್ಥಾಪನೆಗೊಂಡ ಕಂಟ್ರೋಲ್ ಡೇಟಾ ಕಾರ್ಪೊರೇಷನ್ (ಸಿಡಿಸಿ) ಅವರ ಪ್ರತಿಭೆಗೆ ವೇದಿಕೆಯಾಯಿತು.

ಊರಿಗೆ ಮರಳಿದ ಎಂಜಿನಿಯರ್

ಸಭೆ, ವರದಿ, ಸಂದರ್ಶಕರೆಂದರೆ ಕ್ರೇ ಅವರಿಗೆ ಅಲರ್ಜಿ. ಕೇಂದ್ರ ಕಚೇರಿಯ ಗದ್ದಲದಿಂದ ದೂರವಿರಬೇಕೆಂದು ಅವರು ಹಟ ಹಿಡಿದಾಗ, ಸಿಡಿಸಿ ಅವರ ಹುಟ್ಟೂರಿನಲ್ಲೇ ಪ್ರಯೋಗಾಲಯ ಕಟ್ಟಿಸಿಕೊಟ್ಟಿತು. ಅಲ್ಲಿ ಸಿದ್ಧಗೊಂಡ ಸಿಡಿಸಿ 6600 ಯಂತ್ರ 1964ರಲ್ಲಿ ಹೊರಬಂದಿತು. ಅದರಲ್ಲಿ ಸುಮಾರು 4 ಲಕ್ಷ ಟ್ರಾನ್ಸಿಸ್ಟರ್‌ಗಳಿದ್ದವು. ಐಬಿಎಂನ ಅಂದಿನ ಅತ್ಯುತ್ತಮ ಯಂತ್ರಕ್ಕಿಂತ ಅದು ಸುಮಾರು ಮೂರು ಪಟ್ಟು ವೇಗದ್ದಾಗಿತ್ತು. ಕೇವಲ 34 ಮಂದಿಯ ತಂಡವೊಂದು ತಮ್ಮ ಬೃಹತ್ ಸಂಸ್ಥೆಯನ್ನು ಹಿಂದಿಕ್ಕಿದ್ದು ಹೇಗೆಂದು ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಜೂನಿಯರ್ ತಮ್ಮ ಅಧಿಕಾರಿಗಳನ್ನು ಪತ್ರ ಮುಖೇನ ತರಾಟೆಗೆ ತೆಗೆದುಕೊಂಡಿದ್ದು ಕಂಪ್ಯೂಟರ್ ಇತಿಹಾಸದ ಪ್ರಸಿದ್ಧ ಪ್ರಸಂಗ.

ಕ್ರೇ ಅವರ ತರ್ಕ ಸರಳವಾಗಿತ್ತು. ವಿದ್ಯುತ್ ಸಂಕೇತ ಬೆಳಕಿಗಿಂತ ವೇಗವಾಗಿ ಚಲಿಸಲಾರದು. ಬೆಳಕು ಕೂಡ ಒಂದು ನ್ಯಾನೋಸೆಕೆಂಡಿನಲ್ಲಿ ಕ್ರಮಿಸುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ಹೀಗಾಗಿ ವೇಗ ಬೇಕಿದ್ದರೆ ತಂತಿಗಳು ಗಿಡ್ಡವಾಗಿರಬೇಕು. ತಂತಿ ಗಿಡ್ಡವಾಗಬೇಕಾದರೆ ಬಿಡಿಭಾಗಗಳು ಒತ್ತೊತ್ತಾಗಿ ಕೂರಬೇಕು. ಒತ್ತೊತ್ತಾಗಿ ಕೂತರೆ ಶಾಖ ಹೊರಹೋಗಲು ದಾರಿಯಿಲ್ಲ. 6600 ಯಂತ್ರದಲ್ಲಿ ಈ ಸಮಸ್ಯೆಯನ್ನು ಶೀತಲ ಪೆಟ್ಟಿಗೆಯಲ್ಲಿ ಬಳಸುವ ಫ್ರಿಯಾನ್‌ನಿಂದ ನಿವಾರಿಸಲಾಗಿತ್ತು. ಆದರೆ ನಂತರದ 8600 ಯೋಜನೆಯಲ್ಲಿ ದಟ್ಟಣೆ ಮಿತಿಮೀರಿ, ಯಂತ್ರ ಭರವಸೆಯಿಂದ ನಡೆಯಲಿಲ್ಲ. 1972ರಲ್ಲಿ ಕ್ರೇ ಸಿಡಿಸಿ ತೊರೆದು ಕ್ರೇ ರಿಸರ್ಚ್ ಎಂಬ ಸ್ವಂತ ಸಂಸ್ಥೆ ಆರಂಭಿಸಿದರು.

ಕ್ರೇ-1ರ ವೈಭವ

1976ರಲ್ಲಿ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ ತಲುಪಿದ ಕ್ರೇ-1 ಅವರ ಕೀರ್ತಿಯನ್ನು ಜಗದಗಲ ಹಬ್ಬಿಸಿತು. ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿ ನಿಂತ ಗೋಪುರ, ಅದರ ಬುಡದ ಸುತ್ತ ವಿದ್ಯುತ್ ಸರಬರಾಜು ಘಟಕಗಳನ್ನು ಮರೆಮಾಡಿದ ಮೆತ್ತನೆಯ ಆಸನ. ಬಾಗಿದ ಆಕಾರ ಅಲಂಕಾರಕ್ಕಲ್ಲ, ತಂತಿಗಳನ್ನು ಗಿಡ್ಡವಾಗಿಸಲು. ಯಂತ್ರದ ತೂಕ ಸುಮಾರು 5 ಟನ್, ಗರಿಷ್ಠ ವೇಗ ಸೆಕೆಂಡಿಗೆ 16 ಕೋಟಿ ಗಣನೆ, ವಿದ್ಯುತ್ ಬಳಕೆ ಸುಮಾರು 115 ಕಿಲೋವ್ಯಾಟ್. ಅಮೆರಿಕದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರ 1977ರಲ್ಲಿ ಇಂಥದೊಂದು ಯಂತ್ರಕ್ಕೆ 88.6 ಲಕ್ಷ ಡಾಲರ್ ತೆತ್ತಿತು.

ಇಷ್ಟು ವಿದ್ಯುತ್ ಏಕೆ ಬೇಕಿತ್ತು? ಕ್ರೇ ಆರಿಸಿಕೊಂಡಿದ್ದು ಇಸಿಎಲ್ ಎಂಬ ಬಗೆಯ ಚಿಪ್‌ಗಳನ್ನು. ಅಂದಿನ ಮಟ್ಟಿಗೆ ಅವು ಅತಿ ಚುರುಕು. ಆದರೆ ಲೆಕ್ಕ ನಡೆಯುತ್ತಿರಲಿ, ಸುಮ್ಮನಿರಲಿ, ಅವುಗಳಲ್ಲಿ ವಿದ್ಯುತ್ ಸದಾ ಹರಿಯುತ್ತಲೇ ಇರುತ್ತಿತ್ತು. ನಲ್ಲಿ ನಿಲ್ಲಿಸದೆ, ನೀರನ್ನು ಈ ಕಾಲುವೆಯಿಂದ ಆ ಕಾಲುವೆಗೆ ತಿರುಗಿಸಿದಂತೆ. ಇದಕ್ಕೆ ಪರ್ಯಾಯವೊಂದು ಆಗಲೇ ಹುಟ್ಟಿತ್ತು. 1963ರಲ್ಲಿ ಫೇರ್‌ಚೈಲ್ಡ್ ಸಂಸ್ಥೆಯ ಫ್ರಾಂಕ್ ವಾನ್‌ಲಾಸ್ ರೂಪಿಸಿದ ಸಿಮಾಸ್ ವಿನ್ಯಾಸದಲ್ಲಿ ಸ್ವಿಚ್ಚು ಸ್ಥಿತಿ ಬದಲಿಸುವಾಗ ಬಿಟ್ಟರೆ ಉಳಿದಂತೆ ವಿದ್ಯುತ್ ಬಹುತೇಕ ಖರ್ಚಾಗುತ್ತಿರಲಿಲ್ಲ. ಆದರೆ ಆಗ ಅದು ನಿಧಾನ. ಕೈಗಡಿಯಾರ, ಕ್ಯಾಲ್ಕುಲೇಟರ್‌ಗಳಿಗೆ ಸಾಕು ಎಂಬಷ್ಟೇ ಅದರ ಮರ್ಯಾದೆ.

1985ರ ಕ್ರೇ-2ರಲ್ಲಿ ಶಾಖದ ಸಮಸ್ಯೆಗೆ ಕ್ರೇ ಕೊಟ್ಟ ಉತ್ತರ ಬೆರಗು ಹುಟ್ಟಿಸಿತು. ಇಡೀ ಯಂತ್ರವನ್ನೇ ವಿದ್ಯುತ್ ಹರಿಸದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿದರು.

ಪುಟ್ಟ ಚಿಪ್‌ಗಳ ಪ್ರತಾಪ

ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ಟ್ರಾನ್ಸಿಸ್ಟರ್ ಕಿರಿದಾದಂತೆಲ್ಲ ಸಿಮಾಸ್ ಚಿಪ್‌ಗಳು ವೇಗ ಪಡೆದವು, ಬೆಲೆ ಇಳಿಯಿತು. ಸಾವಿರಾರು ಪುಟ್ಟ ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ ಸಮಾಂತರ ಗಣನೆ ಬೆಳೆಯಿತು. ಬಿಡಿ ಪ್ರೊಸೆಸರ್ ಬಲಿಷ್ಠವಾಗಿರಬೇಕು, ಅಂಥವು ಕೆಲವೇ ಇದ್ದರೆ ಸಾಕು ಎಂಬ ನಂಬಿಕೆಯನ್ನು ಕ್ರೇ ಬಿಡಲಿಲ್ಲ. ಸಿಲಿಕಾನ್ ಬದಲು ಗ್ಯಾಲಿಯಂ ಆರ್ಸೆನೈಡ್ ಬಳಸಿ ಕ್ರೇ-3 ಕಟ್ಟಲು ಹೊರಟ ಅವರು, 1989ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಬೇರೆಯೇ ಕಂಪೆನಿ ಸ್ಥಾಪಿಸಿದರು. 1993ರಲ್ಲಿ ಒಂದೇ ಒಂದು ಯಂತ್ರ ಗ್ರಾಹಕರನ್ನು ತಲುಪಿತು. ಶೀತಲ ಸಮರ ಮುಗಿದು ಸರಕಾರಿ ಖರೀದಿಯೂ ತಗ್ಗಿತ್ತು. 1995ರ ಮಾರ್ಚ್‌ನಲ್ಲಿ ಕಂಪೆನಿ ದಿವಾಳಿಯಾಯಿತು.

ಈ ಬದಲಾವಣೆಯ ಅಲೆಗೆ ಬೆಂಗಳೂರು ಮೊದಲೇ ಸ್ಪಂದಿಸಿತ್ತು. ಭಾರತ ಹವಾಮಾನ ಮುನ್ಸೂಚನೆಗಾಗಿ ಕ್ರೇ ಯಂತ್ರ ಕೊಳ್ಳಲು ಮುಂದಾದಾಗ ಅಮೆರಿಕ ಸರಕಾರ ಸತಾಯಿಸಿ, ಕೊನೆಗೆ ಕೇಳಿದ್ದಕ್ಕಿಂತ ಕಡಿಮೆ ಸಾಮರ್ಥ್ಯದ ಎಕ್ಸ್-ಎಂಪಿ 14 ಮಾದರಿಗೆ ಒಪ್ಪಿಗೆ ನೀಡಿತು. ಇತ್ತ ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ 1986ರಲ್ಲೇ ಇಂಟೆಲ್‌ನ ಸಾಮಾನ್ಯ ಚಿಪ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ನಿರ್ಮಿಸಿತು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಹೊರತಂದಿತು. ಎರಡೂ ಕ್ರೇ ಒಪ್ಪದಿದ್ದ ಹಾದಿಯ ಯಂತ್ರಗಳು.

ಸೋಲಿನಿಂದ ಕ್ರೇ ಕಂಗೆಡಲಿಲ್ಲ. 70 ದಾಟಿದ ವಯಸ್ಸಿನಲ್ಲಿ, 1996ರಲ್ಲಿ, ಎಸ್‌ಆರ್‌ಸಿ ಎಂಬ ಹೊಸ ಸಂಸ್ಥೆ ಆರಂಭಿಸಿ, ತಾವು ದೂರವಿಟ್ಟಿದ್ದ ಸಮಾಂತರ ಗಣನೆಯತ್ತಲೇ ಹೊರಳಿದರು. ಆದರೆ ಆ ಯಂತ್ರವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಸೆಪ್ಟೆಂಬರ್ 22ರಂದು ಕೊಲರಾಡೋ ಸ್ಪ್ರಿಂಗ್ಸ್ ಬಳಿ ನಡೆದ ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಅವರು ಅಕ್ಟೋಬರ್ 5ರಂದು ಕೊನೆಯುಸಿರೆಳೆದರು.

ಕ್ರೇ ಹೆಸರು ಮಾತ್ರ ಅಳಿಯಲಿಲ್ಲ. 2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿದ 'ಸಹಸ್ರಟಿ' ಕ್ರೇ ಕಂಪೆನಿಯದೇ ಯಂತ್ರ. 2019ರಲ್ಲಿ ಆ ಕಂಪೆನಿಯನ್ನು ಹ್ಯೂಲೆಟ್ ಪ್ಯಾಕಾರ್ಡ್ ಎಂಟರ್‌ಪ್ರೈಸ್ ಖರೀದಿಸಿತು. ಕ್ರೇ ಹೆಸರನ್ನೇ ಹೊತ್ತ ಮಾದರಿಯ ಫ್ರಾಂಟಿಯರ್ ಯಂತ್ರ 2022ರಲ್ಲಿ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಎನಿಸಿದಾಗ, ಅದು ಪ್ರತಿ ವ್ಯಾಟ್ ವಿದ್ಯುತ್ತಿಗೆ ಸೆಕೆಂಡಿಗೆ ಸುಮಾರು 5,200 ಕೋಟಿ ಗಣನೆ ಮಾಡುತ್ತಿತ್ತು. ಕ್ರೇ-1 ಅದೇ ಒಂದು ವ್ಯಾಟ್‌ನಲ್ಲಿ ಮಾಡುತ್ತಿದ್ದುದು ಗರಿಷ್ಠವೆಂದರೂ ಸುಮಾರು 1,400 ಗಣನೆ. ಈ ಅಂತರ ಮೂರು ಕೋಟಿ ಪಟ್ಟಿಗೂ ಹೆಚ್ಚು. ಅಷ್ಟಾದರೂ ಫ್ರಾಂಟಿಯರ್‌ಗೆ 20 ಮೆಗಾವ್ಯಾಟ್‌ಗೂ ಹೆಚ್ಚು ವಿದ್ಯುತ್ ಬೇಕು. ಅದರ ಚಿಪ್‌ಗಳನ್ನು ತಣ್ಣಗಿಡಲು ನೀರು ಹರಿಸಲೇಬೇಕು. ಸೀಮೋರ್ ಕ್ರೇ ಜೀವಮಾನವಿಡೀ ಸೆಣಸಿದ ಸಮಸ್ಯೆ ರೂಪ ಬದಲಿಸಿದೆಯೇ ಹೊರತು ಬಗೆಹರಿದಿಲ್ಲ.