ಬೂದಿಕೋಟೆಯ ಹೈದರಾಲಿ: ತುಪಾಕಿಯೂ ಮದ್ದುಗುಂಡಿನ ಲೆಕ್ಕವೂ

ಟಿಪ್ಪು ಅಂದ ಕೂಡಲೇ ನಮಗೆಲ್ಲ ರಾಕೆಟ್ ನೆನಪಾಗುತ್ತೆ. ಆದರೆ ಆ ರಾಕೆಟ್ಟಿನ ಕಥೆ ಶುರುವಾಗೋದು ಅವನ ತಾತನ ಕಾಲದಲ್ಲಿ. ತಾತ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಸೈನ್ಯದಲ್ಲಿ 50 ಜನ ಬಾಣದವರಿಗೆ ನಾಯಕನಾಗಿದ್ದ. ಬಾಣ ಅಂದರೆ ಬಿಲ್ಲಿನ ಬಾಣ ಅಲ್ಲ, ಮದ್ದು ತುಂಬಿ ಹಾರಿಸುವ ಬಾಣ. ಆಮೇಲೆ ಅವನು ಶಿರಾ ನವಾಬನ ಕೆಲಸಕ್ಕೆ ಸೇರಿ ಕೋಲಾರಕ್ಕೆ ಫೌಜುದಾರನಾಗಿ ಬಂದ. ಅವನಿಗೆ ಜಹಗೀರಾಗಿ ಸಿಕ್ಕಿದ್ದು ಈಗಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಅಲ್ಲೇ 1720ರ ಆಸುಪಾಸಿನಲ್ಲಿ ಹೈದರಾಲಿ ಹುಟ್ಟಿದ.

ಹೈದರ್ ಚಿಕ್ಕವನಿದ್ದಾಗಲೇ ಅಪ್ಪ ಯುದ್ಧದಲ್ಲಿ ಸತ್ತ. ಮನೆಯವರು ನವಾಬನ ಮಗನ ಕೈಯಲ್ಲಿ ಸಿಕ್ಕಿ ಕಷ್ಟಪಟ್ಟರು. ಕೊನೆಗೆ ಮೈಸೂರಿನ ಸೈನ್ಯದಲ್ಲಿದ್ದ ನೆಂಟನೊಬ್ಬ ಕೈಹಿಡಿದ. ಹೈದರ್ ಓದು ಬರಹ ಕಲಿಯಲೇ ಇಲ್ಲ. ಕಲಿತದ್ದು ಕುದುರೆ, ಕತ್ತಿ, ತುಪಾಕಿ. ಅಕ್ಷರ ಬಾರದ ಆ ಕೊರತೆಯನ್ನು ಅವನ ಜ್ಞಾಪಕಶಕ್ತಿ ತುಂಬಿಕೊಟ್ಟಿತು.

1749ರಲ್ಲಿ ಮೈಸೂರು ಸೈನ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರನ ಧೈರ್ಯ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. 50 ಕುದುರೆ, 200 ಕಾಲಾಳು ಅವನ ಕೈಗೆ ಬಂದವು. ಮುಂದಿನ ವರ್ಷ ತಮಿಳು ಸೀಮೆಯಲ್ಲಿ ನಾಸಿರ್ ಜಂಗನ ಕೊಲೆಯಾಗಿ ಅವನ ಪಾಳೆಯ ಚೆಲ್ಲಾಪಿಲ್ಲಿಯಾಯಿತು. ಎಲ್ಲರೂ ಹಣ ಬಾಚಿಕೊಂಡರು. ಹೈದರನೂ ಬಾಚಿಕೊಂಡ, ಸುಳ್ಳು ಹೇಳೋದೇಕೆ! ಆದರೆ ಹಣದ ಜೊತೆಗೆ ಸುಮಾರು 300 ಕುದುರೆ, 500 ತುಪಾಕಿಗಳನ್ನೂ ತಂದ. ಫ್ರೆಂಚರ ಪಡೆಯಿಂದ ಓಡಿಬಂದವರನ್ನು ಕೂಡಿಸಿಕೊಂಡು ತನ್ನ ಜನಕ್ಕೆ ಕವಾಯತು ಕಲಿಸಿದ.

ಯಾವ ತುಪಾಕಿ ಅನ್ನೋದು ಆಗ ಸಣ್ಣ ಪ್ರಶ್ನೆಯಾಗಿರಲಿಲ್ಲ. ನಮ್ಮ ಕಡೆ ಇದ್ದದ್ದು ಬತ್ತಿ ತುಪಾಕಿ. ನಳಿಗೆ ಉದ್ದ, ಹೊಡೆತ ದೂರ, ರಿಪೇರಿ ಸುಲಭ, ಊರ ಕಮ್ಮಾರನೇ ಮಾಡಿಕೊಡುತ್ತಿದ್ದ. ಬೇಟೆಗಾರ ಬೇಡರ ಕೈಯಲ್ಲಿ ಅದು ಗುರಿ ತಪ್ಪುತ್ತಿರಲಿಲ್ಲ. ಆದರೆ ಬತ್ತಿ ಸದಾ ಉರಿಯುತ್ತಿರಬೇಕು. ಮಳೆ ಬಂದರೆ ಕೆಲಸ ಕೆಟ್ಟಿತು. ರಾತ್ರಿ ಆ ಕೆಂಡವೇ ಶತ್ರುವಿಗೆ ಗುರುತು. ಪಕ್ಕದವನ ಮದ್ದಿಗೆ ಕಿಡಿ ತಾಗದಂತೆ ದೂರ ದೂರ ನಿಲ್ಲಬೇಕು. ಯುರೋಪಿನ ಚಕಮಕಿ ತುಪಾಕಿಗೆ ಈ ತಾಪತ್ರಯ ಇಲ್ಲ. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತೆ, ಸಿಪಾಯಿಗಳು ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬಹುದು, ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆಯಬಹುದು. ಹೈದರ್ ಒಂದನ್ನು ಹಿಡಿದು ಇನ್ನೊಂದನ್ನು ಎಸೆಯಲಿಲ್ಲ. ಸಾಲು ಕಟ್ಟಿ ನಿಲ್ಲುವ ಸಿಪಾಯಿಗೆ ಚಕಮಕಿ, ಬೆಟ್ಟ ಗುಡ್ಡದ ಮರೆಯಲ್ಲಿ ಕೂತು ಹೊಡೆಯುವವನಿಗೆ ಬತ್ತಿ.

ನಿಜವಾದ ತಲೆನೋವು ಗುಂಡಿನದು. ಮೆಕ್ಯಾನಿಕಲ್‌ನವರು ಇಲ್ಲಿ ಸ್ವಲ್ಪ ಗಮನ ಕೊಡಿ. ಇಂಗ್ಲಿಷರ ತುಪಾಕಿಯ ಬೋರ್ ಸುಮಾರು 19 ಮಿ.ಮೀ., ಅದರ ಸೀಸದ ಗುಂಡು 17.5 ಮಿ.ಮೀ., ತೂಕ ಸುಮಾರು 32 ಗ್ರಾಂ. ಫ್ರೆಂಚರ ತುಪಾಕಿಯ ಬೋರೇ 17.5 ಮಿ.ಮೀ., ಗುಂಡು ಇನ್ನೂ ಸಣ್ಣದು. ಗುಂಡು ಬೋರಿಗಿಂತ ಸಣ್ಣದಿರಬೇಕು, ಯಾಕಂದರೆ ನಾಲ್ಕಾರು ಸಲ ಹೊಡೆಯುವಷ್ಟರಲ್ಲಿ ನಳಿಗೆಯೊಳಗೆ ಮದ್ದಿನ ಮಸಿ ಕಟ್ಟುತ್ತೆ. ಫ್ರೆಂಚ್ ಗುಂಡನ್ನು ಇಂಗ್ಲಿಷ್ ತುಪಾಕಿಗೆ ಹಾಕಿದರೆ ಗ್ಯಾಸ್ ಪಕ್ಕದಿಂದ ಸೋರಿ ಹೊಡೆತಕ್ಕೆ ಜೋರೂ ಇಲ್ಲ, ಗುರಿಯೂ ಇಲ್ಲ. ಇಂಗ್ಲಿಷ್ ಗುಂಡನ್ನು ಫ್ರೆಂಚ್ ತುಪಾಕಿಗೆ ಹಾಕಿದರೆ ನಡುವೆ ಸಿಕ್ಕಿಕೊಳ್ಳುತ್ತೆ. ಲೂಟಿಯಲ್ಲಿ ಸಿಕ್ಕಿದ್ದು, ಕೊಂಡದ್ದು, ಗೆದ್ದದ್ದು ಅಂತ ಹತ್ತು ಕಡೆಯ ತುಪಾಕಿ ಇರುವ ಸೈನ್ಯದಲ್ಲಿ ಇದು ಸಾವು ಬದುಕಿನ ಟಾಲರೆನ್ಸ್.

ಗುಂಡು ಎರಕ ಹೊಯ್ಯೋದು ಕಷ್ಟವಲ್ಲ. ಸೀಸ 327 ಡಿಗ್ರಿಗೆ ಕರಗುತ್ತೆ, ಸೌದೆ ಒಲೆ ಸಾಕು. ಎರಡು ಹೋಳಿನ ಅಚ್ಚಿಗೆ ಹೊಯ್ದು, ಆರಿದ ಮೇಲೆ ಬಾಲ ಕತ್ತರಿಸಿದರೆ ಆಯಿತು. ಅಚ್ಚು ಸರಿಯಿದ್ದರೆ ಸಾವಿರ ಗುಂಡೂ ಸರಿ, ಅಚ್ಚು ತಪ್ಪಿದರೆ ಸಾವಿರವೂ ತಪ್ಪು. ಮದ್ದೂ ಹಾಗೇ. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಅಂತ ಪಾಕ ಎಲ್ಲರಿಗೂ ಗೊತ್ತು. ಪ್ರತಿ ಸಲ ಅದೇ ಹದ ಬರಬೇಕು, ಒದ್ದೆಯಾಗಬಾರದು, ಯುದ್ಧದ ಮಧ್ಯೆ ಮುಗಿಯಬಾರದು. ಇದು ಒಬ್ಬ ಕುಶಲಕರ್ಮಿಯಿಂದ ಆಗೋ ಮಾತಲ್ಲ, ಕಾರ್ಖಾನೆ ಬೇಕು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಹೈದರ್ ಅದನ್ನೇ ಮಾಡಿದ. ಪಾಂಡಿಚೇರಿ, ಶ್ರೀರಂಗ, ತಿರುಚಿನಾಪಳ್ಳಿಗಳಿಂದ ಕುಶಲಕರ್ಮಿಗಳನ್ನು ಕರೆಸಿ, ಫ್ರೆಂಚ್ ಮೇಸ್ತ್ರಿಗಳ ಕೈಕೆಳಗೆ ಫಿರಂಗಿ ಪಡೆ, ಆಯುಧಶಾಲೆ, ಮದ್ದು ತಯಾರಿಸುವ ಲ್ಯಾಬ್ ಶುರುಮಾಡಿದ. 1761ರ ಹೊತ್ತಿಗೆ ಮೈಸೂರಿನ ಅಧಿಕಾರವೇ ಅವನ ಕೈಯಲ್ಲಿತ್ತು.

ಈ ಲೆಕ್ಕಾಚಾರ ಪರೀಕ್ಷೆಗೆ ಬಿದ್ದದ್ದು ಅವನ ಹುಟ್ಟೂರ ಸೀಮೆಯಲ್ಲೇ. 1768ರಲ್ಲಿ ಇಂಗ್ಲಿಷರು ಘಟ್ಟ ಹತ್ತಿ ಬಂದು ಮುಳಬಾಗಿಲು, ಕೋಲಾರ ಎರಡನ್ನೂ ಹಿಡಿದರು. ಹೈದರ್ ಮುಳಬಾಗಿಲು ಕೋಟೆಯನ್ನು ವಾಪಸ್ ಪಡೆದ. ಅಕ್ಟೋಬರ್ 4ರಂದು ಕರ್ನಲ್ ವುಡ್ ಅಲ್ಲಿಗೆ ಬಂದಾಗ ಆ ಬಂಡೆಗಳ ನಡುವೆ ದೊಡ್ಡ ಕಾಳಗವಾಯಿತು. ಜನಬಲ ಹೈದರನ ಕಡೆಗಿತ್ತು, ವುಡ್ ಇನ್ನೇನು ಸೋತ ಅನ್ನುವಾಗ ಕ್ಯಾಪ್ಟನ್ ಬ್ರೂಕ್ ಗಾಯಾಳುಗಳನ್ನೇ ಸೇರಿಸಿಕೊಂಡು ಎರಡು ಫಿರಂಗಿಗಳನ್ನು ಬಂಡೆ ಮೇಲಕ್ಕೆ ಎಳೆಸಿದ. ಗುಂಡು ಹಾರಿಸುತ್ತಾ, ಕರ್ನಲ್ ಸ್ಮಿತ್ ಬಂದ ಅಂತ ಎಲ್ಲರ ಕೈಲೂ ಕೂಗಿಸಿದ. ಸ್ಮಿತ್ ಅಲ್ಲೆಲ್ಲೂ ಇರಲಿಲ್ಲ. ಆದರೆ ಮೈಸೂರಿನವರು ನಂಬಿ ಹಿಂದೆ ಸರಿದರು, ಗೆಲುವು ಕೈತಪ್ಪಿತು.

ಒಂದೂವರೆ ತಿಂಗಳಲ್ಲಿ ಅದೇ ವುಡ್ ಮತ್ತೆ ಸಿಕ್ಕ. ಮೊದಲು ಬಾಗಲೂರಿನಲ್ಲಿ ಅವನ ಎರಡು ದೊಡ್ಡ ಫಿರಂಗಿಗಳು ಹೈದರನ ಪಾಲಾದವು. ಅಲ್ಲಿಂದ ಕೋಲಾರದ ಕಡೆ, ಅಂದರೆ ಇವತ್ತಿನ ಮಾಲೂರಿನ ಸೀಮೆ ಹಾದು ಬರುವಾಗ, ಹೈದರ್ ದೂರದಿಂದ ಹೊಡೆಯುತ್ತಾ ಕಾಡಿದ. ವುಡ್ ದಾರಿ ಬಿಟ್ಟು ನಿಂತು ಹೊಡೆತಕ್ಕೆ ಹೊಡೆತ ಕೊಡಲು ಹೋಗಿ ತನ್ನ ಮದ್ದುಗುಂಡನ್ನೆಲ್ಲ ಬಹುಪಾಲು ಖಾಲಿ ಮಾಡಿಕೊಂಡ. ಮೇಜರ್ ಫಿಟ್ಸ್‌ಜೆರಾಲ್ಡ್ ಓಡೋಡಿ ಬಂದದ್ದಕ್ಕೆ ಉಳಿದ. ಮುಳಬಾಗಿಲಲ್ಲಿ ಬುದ್ಧಿ ಉಳಿಸಿತು, ಇಲ್ಲಿ ಲೆಕ್ಕ ತಪ್ಪಿ ಕೆಟ್ಟಿತು.

1769ರಲ್ಲಿ ಹೈದರ್ ಇನ್ನೊಂದು ಆಯ್ಕೆ ಮಾಡಿದ. ವರ್ಷಗಟ್ಟಲೆ ಕಟ್ಟಿದ ಭಾರಿ ಫಿರಂಗಿಗಳನ್ನು ಹಿಂದೆ ಬಿಟ್ಟು, ಸುಮಾರು 6000 ಕುದುರೆ ಸವಾರರ ಜೊತೆ ನಾಲ್ಕು ದಿನದೊಳಗೆ 200 ಕಿ.ಮೀ. ಓಡಿ ಮದ್ರಾಸಿನ ಬಾಗಿಲಿಗೆ ಬಂದು ನಿಂತ. ಏಪ್ರಿಲ್‌ನಲ್ಲಿ ಇಂಗ್ಲಿಷರು ಒಪ್ಪಂದಕ್ಕೆ ಬಂದರು.

ಅಪ್ಪನ ಬಾಣವನ್ನೂ ಅವನು ಮರೆಯಲಿಲ್ಲ. ಕಾಗದ, ಬಿದಿರಿನ ಕೊಳವೆ ಹೆಚ್ಚು ಒತ್ತಡ ತಡೆಯದೆ ಸಿಡಿಯುತ್ತೆ. ಮೈಸೂರಿನವರು ಬಡಿದ ಕಬ್ಬಿಣದ ಕೊಳವೆ ಬಳಸಿದರು. ಒಳಗಿನ ಪ್ರೆಶರ್ ಹೆಚ್ಚಿತು, ಥ್ರಸ್ಟ್ ಹೆಚ್ಚಿತು, ಬಾಣ ಒಂದು ಕಿಲೋಮೀಟರಿಗೂ ಆಚೆ ಹೋಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ ಕೊಳವೆಗಳು ಸಿಕ್ಕವು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಮೈಸೂರಿನ ಬೆಂಕಿಗೆ ಇಂಗ್ಲಿಷರ ಮದ್ದಿನ ಬಂಡಿಗಳೇ ಸಿಡಿದುಹೋದವು. ಕರ್ನಲ್ ಬೇಯ್ಲಿ ಸೆರೆ ಸಿಕ್ಕ. ಆದರೆ ಅದೇ ಯುದ್ಧದಲ್ಲಿ ಹೈದರನ ಸೈನ್ಯ ಮದ್ರಾಸಿನ ಸುತ್ತಲ ಹಳ್ಳಿಗಳನ್ನು ಸುಟ್ಟದ್ದೂ ನಿಜ. ಆ ಬೆಂಕಿಗೆ ರೈತ ಯಾವ ಪಕ್ಷದವನು ಅನ್ನೋದು ತಿಳಿಯದು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ಹೈದರ್ ಸತ್ತ. ಟಿಪ್ಪು ಮಲಬಾರಿನಲ್ಲಿದ್ದ. ಪೂರ್ಣಯ್ಯ, ಕೃಷ್ಣರಾಯ ಮುಂತಾದವರು ಸುದ್ದಿ ಮುಚ್ಚಿಟ್ಟು, ಶವವನ್ನು ಖಜಾನೆಯ ಪೆಟ್ಟಿಗೆಯಂತೆ ಸಾಗಿಸಿ ಕೋಲಾರದಲ್ಲಿ ಅವನ ತಂದೆಯ ಗೋರಿಯ ಬಳಿ ಇಟ್ಟರು. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಇದೇ ಪೂರ್ಣಯ್ಯ ಮುಂದೆ ದಿವಾನನಾಗಿ ಪಾಪನಪಲ್ಲಿಗೆ ತನ್ನ ಮಗನ ಹೆಸರಿಟ್ಟ. ಅದೇ ನಮ್ಮ ಶ್ರೀನಿವಾಸಪುರ.

ಕೋಲಾರದ ಆ ಮಖ್ಬರಾ ಇನ್ನೂ ಇದೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿಬನ್ನಿ. ಅಲ್ಲಿಂದ ಮುಳಬಾಗಿಲಿನ ಬಂಡೆಗಳೂ ದೂರವಿಲ್ಲ.